ದತ್ತಾಂಶಕೋಶಗಳ ರಕ್ಷಾಪ್ರತಿಗಳು: ಅವುಗಳ ಕಾಲ, ಸ್ಥಾನ, ಪ್ರಾಮಾಣ್ಯ

ಗ್ರಂಥಭಂಡಾರವೆಂದರೆ ಓಲೆಯ ಕಟ್ಟುಗಳೂ ಕಡತಗಳೂ ಅಚ್ಚಿನ ಪುಸ್ತಕಗಳೂ ಇರತಕ್ಕ ಸ್ಥಳವೆಂದು ನಾವು ಬಹುಕಾಲದಿಂದ ತಿಳಿದು ಬಂದಿರುವೆವು. ಈಗ ಆ ಅರ್ಥವು ವಿಸ್ತಾರಗೊಂಡಿದೆ. ಹಸ್ತಪ್ರತಿಗಳ ಸೂಚಿಗಳು, ಪಾಠಾಂತರಗಳ ಪಟ್ಟಿಗಳು, ಶಾಸನಗಳ ವಾಚನಗಳು, ಓಲೆಗಳ ಛಾಯಾಚಿತ್ರಗಳು ಇವೆಲ್ಲವೂ ನಮ್ಮ ನಾಡಿನ ಸಣ್ಣ ಭಂಡಾರಗಳಲ್ಲಿಯೂ ಗಣಕಯಂತ್ರವನ್ನು ಸೇರುತ್ತಲಿರುವುವು. ಸೇರಿಸುವ ಕಾರ್ಯದಲ್ಲಿ ನಮ್ಮವರು ತೋರುತ್ತಿರುವ ಉತ್ಸಾಹವು ಶ್ಲಾಘ್ಯವೇ ಸರಿ. ಆದರೆ ಸೇರಿಸಿದುದನ್ನು ಉಳಿಸಿಕೊಳ್ಳುವ ಕ್ರಮವನ್ನು ಕುರಿತು ಪಂಡಿತವರ್ಗದಲ್ಲಿ ವಿಚಾರವು ನಡೆದುದು ಅತ್ಯಲ್ಪ. ಅದು ಯಂತ್ರಜ್ಞರ ಕೆಲಸ, ನಮಗೇಕೆ ಎಂದು ಬಿಟ್ಟುಬಿಟ್ಟಿರುವೆವು. ನಾನೂ ಹಾಗೆ ಬಿಟ್ಟವನೇ; ಅದರ ಫಲವನ್ನು ಉಂಡ ಮೇಲೆ ಈ ವಿಷಯವನ್ನು ಶಕ್ತ್ಯನುಸಾರವಾಗಿ ಕಲಿತೆನು. ಕಲಿತುದನ್ನು ವಾಚಕಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವು.

ನಡೆದುದಿಷ್ಟು. ಒಂದು ಭಂಡಾರದಲ್ಲಿ, ಅದರ ಹೆಸರು ಇಲ್ಲಿ ಅನಾವಶ್ಯಕ, ಓಲೆಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಓದಿ, ಪಾಠಭೇದಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ಕೆಲಸಕ್ಕೆ ನಾನು ಕೆಲವು ವರ್ಷ ಹೋಗುತ್ತಿದ್ದೆನು. ಯಂತ್ರದ ಪಕ್ಕದಲ್ಲಿಯೇ ಅದಕ್ಕೆ ತಂತಿಯಿಂದ ಸೇರಿಸಿದ ಒಂದು ಚಿಕ್ಕ ಡಿಸ್ಕಿನ ಪೆಟ್ಟಿಗೆಯಿದ್ದಿತು. ಪ್ರತಿರಾತ್ರಿಯೂ ಅದರಲ್ಲಿ ಒಂದು ಪ್ರತಿಯು ತಾನಾಗಿಯೇ ಬೀಳುವುದೆಂದು ಹೇಳಿದ್ದರು. ವೈಶಾಖಮಾಸದ ಒಂದು ಸಂಜೆ ಸಿಡಿಲು ಬಡಿದು, ವಿದ್ಯುತ್ತಿನ ತಂತಿಯ ಮೂಲಕ ಬಂದ ಆಘಾತಕ್ಕೆ ಯಂತ್ರವೂ ಪೆಟ್ಟಿಗೆಯೂ ಒಟ್ಟಿಗೆ ಸುಟ್ಟುಹೋದವು. ಕಪಾಟುಗಳನ್ನೆಲ್ಲ ಹುಡುಕಿದಾಗ ಹಳೆಯ ಸಿ.ಡಿ. ಒಂದು ದೊರೆಯಿತು, ಅದು ೧೪ ತಿಂಗಳ ಹಿಂದಿನದು. ನಡುವಣ ೧೪ ತಿಂಗಳ ಕೆಲಸವು ಹೋಯಿತು. ಅದರಲ್ಲಿ ಹೆಚ್ಚಿನ ಭಾಗವನ್ನು ಮತ್ತೆ ಓಲೆಗಳನ್ನು ಓದಿ ಮಾಡಿಕೊಂಡೆವು. ಆದರೆ ಆ ಅವಧಿಯಲ್ಲಿ ಓದಿದ ಒಂದು ಕಟ್ಟು ಹುಳು ತಿಂದು ಜರ್ಜರಿತವಾಗಿದ್ದಿತು. ಬಿಡಿಸುವಾಗಲೇ ಅನೇಕ ಗರಿಗಳು ಪುಡಿಯಾದವು. ಆ ಗರಿಗಳ ಪಾಠಗಳು ಯಂತ್ರದಲ್ಲಿ ಮಾತ್ರವೇ ಉಳಿದಿದ್ದವು. ಈಗ ಎಲ್ಲಿಯೂ ಇಲ್ಲ.

ಇನ್ನು ಪ್ರಕೃತ ವಿಷಯಕ್ಕೆ ಬರುವೆವು. ಲೋಕದಲ್ಲಿ ‘ಡೇಟಾಬೇಸ್’ ಎನ್ನುವುದನ್ನು ದತ್ತಾಂಶಕೋಶವೆಂದೂ, ‘ಬ್ಯಾಕಪ್’ ಎನ್ನುವುದನ್ನು ರಕ್ಷಾಪ್ರತಿಯೆಂದೂ ಇಲ್ಲಿ ಕರೆಯುವೆವು. ದತ್ತಾಂಶಕೋಶವು ಪುಸ್ತಕದಂತೆ ಬರೆದು ಮುಗಿಸಿಟ್ಟ ವಸ್ತುವಲ್ಲ. ಅನೇಕರು ಏಕಕಾಲದಲ್ಲಿ ಅದನ್ನು ಓದುತ್ತಲೂ ತಿದ್ದುತ್ತಲೂ ಇರುವರು. ಅದರ ಒಂದು ಭಾಗವು ಮತ್ತೊಂದು ಭಾಗವನ್ನು ಅಪೇಕ್ಷಿಸಿಕೊಂಡಿರುವುದು. ಕೃತಿಯ ಹೆಸರು ಒಂದು ಕೋಷ್ಠಕದಲ್ಲಿ, ಆ ಕೃತಿಯ ಹಸ್ತಪ್ರತಿಗಳು ಎರಡನೆಯದರಲ್ಲಿ, ಅವುಗಳ ಪಾಠಭೇದಗಳು ಮೂರನೆಯದರಲ್ಲಿ. ಈ ಮೂರಕ್ಕೂ ಸಂಖ್ಯೆಗಳ ಮೂಲಕ ಪರಸ್ಪರ ಸಂಬಂಧ. ಹೀಗಿರಲು, ನಡೆಯುತ್ತಿರುವ ಕೋಶದ ಕಡತಗಳನ್ನು ಒಂದೊಂದಾಗಿ ನಕಲುಮಾಡಿಕೊಂಡರೆ ಮೊದಲನೆಯ ಕೋಷ್ಠಕವು ಹತ್ತು ಗಂಟೆಯ ಸ್ಥಿತಿಯಲ್ಲಿಯೂ ಮೂರನೆಯದು ಹತ್ತೂಕಾಲು ಗಂಟೆಯ ಸ್ಥಿತಿಯಲ್ಲಿಯೂ ಇರುವುದು. ಲಿಪಿಕಾರನು ಒಂದು ಕಟ್ಟನ್ನು ಪ್ರತಿಮಾಡುತ್ತಿರುವಾಗ ಇನ್ನೊಬ್ಬನು ಬಂದು ಅದೇ ಕಟ್ಟಿನ ಗರಿಗಳನ್ನು ತೆಗೆದು ಬೇರೆ ಗರಿಗಳನ್ನು ಪೋಣಿಸುತ್ತಿದ್ದರೆ ಎಂತಹ ಪ್ರತಿಯಾಗುವುದೋ ಇದೂ ಅಂತಹುದೇ. ನೋಡುವುದಕ್ಕೆ ಪೂರ್ಣವಾಗಿರುವುದು, ಒಳಗೆ ಸಂದರ್ಭವೇ ಕೂಡುವುದಿಲ್ಲ.

ಈ ದೋಷವನ್ನು ಪರಿಹರಿಸುವುದಕ್ಕೆ ಎರಡು ಮಾರ್ಗಗಳುಂಟು. ಬಹಳ ಕಡೆ ಬಳಕೆಯಲ್ಲಿರುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಕೋಶತಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಪಿ.ಜಿ.ಡಂಪ್ ಎಂಬ ಉಪಕರಣವಿರುವುದು. ಅದು ಕೆಲಸವನ್ನು ಆರಂಭಿಸಿದ ಕ್ಷಣದಲ್ಲಿ ಕೋಶವು ಹೇಗಿದ್ದಿತೋ ಆ ಒಂದೇ ಕ್ಷಣದ ರೂಪವನ್ನು ಕಂಡು, ಅದನ್ನೇ ಕೊನೆಯವರೆಗೂ ಬರೆಯುವುದು. ನಡುವೆ ಇತರರು ಮಾಡುವ ತಿದ್ದುಪಡಿಗಳು ಅದರ ಕಣ್ಣಿಗೆ ಬೀಳವು. ಇದು ಸುಲಭವಾದ ಮಾರ್ಗ. ಸಣ್ಣ ಕೋಶಗಳಿಗೆ ಇದೇ ಸಾಕು. ಇದರ ನ್ಯೂನತೆಯೆಂದರೆ ರಾತ್ರಿ ಎರಡು ಗಂಟೆಗೆ ಪ್ರತಿಯಾಗಿ, ಮರುದಿನ ಸಂಜೆ ಆರು ಗಂಟೆಗೆ ಯಂತ್ರವು ಕೆಟ್ಟರೆ, ನಡುವಣ ೧೬ ಗಂಟೆಗಳ ಬರಹವು ಈ ಪ್ರತಿಯಲ್ಲಿರುವುದಿಲ್ಲ.

ಎರಡನೆಯ ಮಾರ್ಗವನ್ನು ನಮ್ಮ ಮಂಡಿಯ ಸಾಹುಕಾರರ ಲೆಕ್ಕದ ಪದ್ಧತಿಯನ್ನು ಬಲ್ಲವರು ಬೇಗ ತಿಳಿಯುವರು. ಅಂಗಡಿಯಲ್ಲಿ ವ್ಯವಹಾರವು ನಡೆದ ಕೂಡಲೆ ಅದನ್ನು ರೋಜುಕೀರ್ದಿಯಲ್ಲಿ ಬರೆಯುವರು. ಬಳಿಕ ಅದನ್ನು ಖಾತೆಗೆ ಏರಿಸುವರು. ಖಾತೆಯ ಪುಸ್ತಕವು ನೆನೆದು ಹಾಳಾದರೂ, ಹಿಂದಿನ ಯುಗಾದಿಯ ದಿನದ ಬಾಕಿಪಟ್ಟಿಯೂ ಅಂದಿನಿಂದ ಈಚಿನ ಕೀರ್ದಿಗಳೂ ಇದ್ದರೆ ಖಾತೆಯನ್ನು ಮತ್ತೆ ಕಟ್ಟಬಹುದು. ಪೋಸ್ಟ್‌ಗ್ರೆಸ್ ಕೂಡ ಹೀಗೆಯೇ ನಡೆಯುವುದು. ಯಾವ ತಿದ್ದುಪಡಿಯನ್ನಾಗಲಿ ಕೋಶದಲ್ಲಿ ಇಳಿಸುವುದಕ್ಕೆ ಮೊದಲು ಒಂದು ಕೀರ್ದಿಯಲ್ಲಿ ಬರೆದುಕೊಳ್ಳುವುದು. ವಾರಕ್ಕೊಮ್ಮೆ ಇಡೀ ಕೋಶದ ಒಂದು ಮೂಲಪ್ರತಿಯನ್ನು ತೆಗೆದಿಟ್ಟು, ಆಮೇಲಿನ ಕೀರ್ದಿಯ ಹಾಳೆಗಳನ್ನು ಆಗಿಂದಾಗ್ಗೆ ಬೇರೆ ಸ್ಥಳಕ್ಕೆ ಕಳುಹಿಸುತ್ತಿದ್ದರೆ, ಕೋಶವನ್ನು ಬೇಕಾದ ಗಳಿಗೆಯ ಸ್ಥಿತಿಗೆ ತರಬಹುದು. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಯಾರೋ ಒಂದು ಕೋಷ್ಠಕವನ್ನು ತಪ್ಪಾಗಿ ಅಳಿಸಿದರೆಂದು ಗೊತ್ತಾದರೆ, ಮೂರು ಗಂಟೆ ಒಂಬತ್ತು ನಿಮಿಷದವರೆಗಿನ ಕೀರ್ದಿಯನ್ನು ಮಾತ್ರ ಓದಿಸಿ ನಿಲ್ಲಿಸಬಹುದು. ಆದರೆ ಇಲ್ಲಿ ಒಂದು ನಿರ್ಬಂಧವುಂಟು: ಕೀರ್ದಿಯ ನಡುವಣ ಒಂದು ಹಾಳೆಯು ಕಳೆದರೂ ಅದರ ಮುಂದಿನವೆಲ್ಲವೂ ನಿಷ್ಪ್ರಯೋಜಕ. ಹಿಂದಿನ ಪ್ರತಿಯಿಂದ ಈಚೆಗೆ ಬದಲಾದುದನ್ನು ಮಾತ್ರ ತೆಗೆದಿಡುವ ‘ಇನ್‌ಕ್ರಿಮೆಂಟಲ್’ ಪ್ರತಿಗಳಿಗೂ ಇದೇ ದೋಷವಿರುವುದು. ಭಾನುವಾರದ ಪೂರ್ಣಪ್ರತಿಯನ್ನು ಅವಲಂಬಿಸಿ ಸೋಮವಾರದ್ದು, ಅದನ್ನು ಅವಲಂಬಿಸಿ ಮಂಗಳವಾರದ್ದು. ಗುರುಪರಂಪರೆಯಲ್ಲಿ ನಡುವೆ ಒಬ್ಬನು ವಿಚ್ಛಿನ್ನನಾದಂತೆ ಬುಧವಾರದ್ದು ಕೆಟ್ಟರೆ ಶನಿವಾರದ್ದಕ್ಕೆ ಆಧಾರವಿಲ್ಲ.

ಇಲ್ಲಿ ಕೆಲವರು ಹೀಗೆ ಆಕ್ಷೇಪಿಸಬಹುದು: ನಮ್ಮ ಯಂತ್ರದಲ್ಲಿ ಎರಡು ಡಿಸ್ಕುಗಳಿವೆ, ಒಂದರಲ್ಲಿ ಬರೆದುದು ಮತ್ತೊಂದರಲ್ಲಿಯೂ ಬೀಳುವುದು, ಅಥವಾ ಬೇರೊಂದು ಸರ್ವರಿನಲ್ಲಿ ಕೋಶದ ಪ್ರತಿಬಿಂಬವು ಸದಾ ನಡೆಯುತ್ತಲೇ ಇರುವುದು, ಮತ್ತೆ ರಕ್ಷಾಪ್ರತಿಯೇಕೆ? ಸಮಾಧಾನವೇನೆಂದರೆ, ಪ್ರತಿಬಿಂಬವು ಬಿಂಬವನ್ನು ಅನುಸರಿಸುವುದೇ ಹೊರತು ಅದನ್ನು ಕಾಪಾಡದು. ಹಣೆಯ ತಿಲಕವನ್ನು ಒರಸಿದರೆ ಕನ್ನಡಿಯಲ್ಲಿಯೂ ಅದೇ ಕ್ಷಣದಲ್ಲಿ ತಿಲಕವು ಹೋಗುವುದಲ್ಲವೆ? ಡಿಸ್ಕು ಸವೆದು ನಿಂತುಹೋಗುವುದೆಂಬ ಒಂದು ಅಪಾಯಕ್ಕೆ ಪ್ರತಿಬಿಂಬವು ಪರಿಹಾರ. ಮನುಷ್ಯನ ಕೈತಪ್ಪಿಗೆ ಅದು ಪರಿಹಾರವಲ್ಲ. ಇದಕ್ಕೆ ಜಗತ್ಪ್ರಸಿದ್ಧವಾದ ಒಂದು ದೃಷ್ಟಾಂತವಿರುವುದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು. ಈ ಶಾಸ್ತ್ರದ ಬಹುಭಾಗವು ಆ ಒಂದು ರಾತ್ರಿಯಲ್ಲಿ ಅಡಕವಾಗಿದೆ.

ಗಿಟ್‌ಲ್ಯಾಬ್ ಎಂಬುದು ತಂತ್ರಾಂಶಗಳನ್ನು ರಚಿಸುವವರು ತಮ್ಮ ಬರಹಗಳನ್ನು ಇಟ್ಟುಕೊಳ್ಳತಕ್ಕ ಒಂದು ಸಂಸ್ಥೆ. ಅದರ ಮುಖ್ಯಕೋಶವು ಪೋಸ್ಟ್‌ಗ್ರೆಸ್‌ನಲ್ಲಿಯೇ ಇದ್ದಿತು. ಗಾತ್ರವು ಸುಮಾರು ೩೦೦ ಗಿಗಾಬೈಟ್. ಒಂದು ಪ್ರಧಾನ ಸರ್ವರ್, ಅದರ ಪ್ರತಿಬಿಂಬವಾಗಿ ಇನ್ನೊಂದು ಸರ್ವರ್. ೨೦೧೭ನೆಯ ಇಸವಿ ಜನವರಿ ೩೧ರಂದು ದುಷ್ಟರ ಹಾವಳಿಯಿಂದ ಕೋಶದ ಮೇಲೆ ಭಾರವು ಹೆಚ್ಚಿ, ಪ್ರತಿಬಿಂಬವು ಪ್ರಧಾನಕ್ಕಿಂತ ಹಿಂದೆಬಿದ್ದಿತು. ಅದಕ್ಕೆ ಬೇಕಾದ ಕೀರ್ದಿಯ ಹಾಳೆಗಳನ್ನು ಪ್ರಧಾನವು ಆ ವೇಳೆಗೆ ತೆಗೆದುಹಾಕಿದ್ದಿತು. ಆದುದರಿಂದ ಪ್ರತಿಬಿಂಬವನ್ನು ಮೊದಲಿನಿಂದ ಕಟ್ಟಬೇಕಾಯಿತು. ರಾತ್ರಿಯಲ್ಲಿ ಕೆಲಸದಲ್ಲಿದ್ದ ತಂತ್ರಜ್ಞನು ಪುನಃ ಪುನಃ ಪ್ರಯತ್ನಿಸಿದರೂ ಉಪಕರಣವು ಮೌನವಾಗಿದ್ದಿತು. ಪ್ರತಿಬಿಂಬದ ಹಳೆಯ ಕಡತಗಳು ಅಡ್ಡಿಮಾಡುತ್ತಿರುವುವೆಂದು ಭಾವಿಸಿ ಅವುಗಳನ್ನು ಅಳಿಸುವ ಆಜ್ಞೆಯನ್ನು ಕೊಟ್ಟನು. ಆದರೆ ಆಜ್ಞೆಯನ್ನು ಬರೆದುದು ಪ್ರಧಾನ ಸರ್ವರಿನ ಕಿಟಕಿಯಲ್ಲಿ. ಒಂದೆರಡು ಸೆಕೆಂಡುಗಳಲ್ಲಿಯೇ ತಪ್ಪನ್ನು ಅರಿತು ತಡೆದನು. ಅಷ್ಟರಲ್ಲಿ ೩೦೦ ಗಿಗಾಬೈಟಿನಲ್ಲಿ ಉಳಿದುದು ಸುಮಾರು ೪.೫ ಗಿಗಾಬೈಟ್.

ಆಗ ರಕ್ಷಾಪ್ರತಿಗಳನ್ನು ಹುಡುಕಿದರು. ದಿನಕ್ಕೊಮ್ಮೆ ಪಿ.ಜಿ.ಡಂಪಿನಿಂದ ಪ್ರತಿಯಾಗಿ ಅಮೆಜಾನ್ ಸಂಸ್ಥೆಯ ದೂರಭಂಡಾರಕ್ಕೆ ಹೋಗಬೇಕಾಗಿದ್ದಿತು. ಭಂಡಾರವನ್ನು ತೆರೆದು ನೋಡಿದರೆ ಅದು ಬರಿದು. ಕಾರಣವೇನೆಂದರೆ ಕೋಶವು ೯.೬ನೆಯ ಆವೃತ್ತಿಯದು, ಪ್ರತಿಮಾಡುವ ಉಪಕರಣವು ೯.೨ನೆಯ ಆವೃತ್ತಿಯದು, ಎರಡಕ್ಕೂ ಹೊಂದಿಕೆಯಿಲ್ಲದೆ ಪ್ರತಿದಿನವೂ ಕೆಲಸವು ಮೊದಲಿಗೇ ನಿಂತುಹೋಗುತ್ತಿದ್ದಿತು. ಹಾಗೆ ನಿಂತುಹೋದಾಗಲೆಲ್ಲ ಎಚ್ಚರಿಕೆಯ ಇ-ಮೇಲ್ ಬರಬೇಕಷ್ಟೆ? ಅವೂ ಹೊರಟಿದ್ದವು, ಆದರೆ ಅವುಗಳಲ್ಲಿ ಇರಬೇಕಾದ ದೃಢೀಕರಣದ ಮುದ್ರೆಯಿಲ್ಲವೆಂದು ಅಂಚೆಯ ವ್ಯವಸ್ಥೆಯು ಅವುಗಳನ್ನು ತಿರಸ್ಕರಿಸಿದ್ದಿತು. ಡಿಸ್ಕುಗಳ ಕ್ಷಣಚಿತ್ರವನ್ನು ತೆಗೆದಿಡುವ ಸೌಕರ್ಯವನ್ನು ಕೋಶದ ಸರ್ವರುಗಳಿಗೆ ಹಾಕಿಯೇ ಇರಲಿಲ್ಲ. ಕೊನೆಗೆ ಅವರನ್ನು ಉಳಿಸಿದುದು ಯಾದೃಚ್ಛಿಕವಾದ ಒಂದು ಪ್ರತಿ: ಸುಮಾರು ಆರು ಗಂಟೆಗಳ ಮೊದಲು ಬೇರೊಂದು ಪರೀಕ್ಷೆಗಾಗಿ ತಂತ್ರಜ್ಞನು ಕೈಯಾರೆ ತೆಗೆದಿಟ್ಟಿದ್ದ ಕ್ಷಣಚಿತ್ರ. ಅದನ್ನು ನಿಧಾನವಾದ ಡಿಸ್ಕುಗಳಿಂದ ಮರಳಿ ತರುವುದಕ್ಕೆ ಸುಮಾರು ೧೮ ಗಂಟೆಗಳು ಹಿಡಿದವು. ಆ ಆರು ಗಂಟೆಗಳಲ್ಲಿ ಸೇರಿದ್ದ ಸುಮಾರು ೫,೦೦೦ ಯೋಜನೆಗಳ ದಾಖಲೆ, ೫,೦೦೦ ಟಿಪ್ಪಣಿಗಳು, ೭೦೦ ಹೊಸ ಸದಸ್ಯರ ಖಾತೆಗಳು ಹೋದವು. ಸಂಸ್ಥೆಯವರು ಇದನ್ನೆಲ್ಲ ಮುಚ್ಚಿಡದೆ, ಆ ತಂತ್ರಜ್ಞನನ್ನು ದೂರದೆ, ತಮ್ಮ ವ್ಯವಸ್ಥೆಯ ದೋಷಗಳನ್ನೇ ಎಣಿಸಿ ಲೋಕಕ್ಕೆ ಪ್ರಕಟಿಸಿದರು. ಇದು ನಮ್ಮ ಸಂಸ್ಥೆಗಳಲ್ಲಿ ಅಪರೂಪವಾದ ಗುಣ.

ಈ ವೃತ್ತಾಂತದಲ್ಲಿ ಗಮನಿಸತಕ್ಕುದು ಯಾವುದು? ಅಳಿಸಿದ ತಪ್ಪನ್ನು ಎಲ್ಲರೂ ನೋಡುವರು. ನನಗೆ ಮುಖ್ಯವಾಗಿ ತೋರುವುದು ಅದಲ್ಲ. ರಕ್ಷಾಪ್ರತಿಗಳು ಇವೆಯೆಂದು ಎಲ್ಲರೂ ನಂಬಿದ್ದರು. ನಂಬಿಕೆಗೆ ಆಧಾರವೇನೆಂದು ಒಬ್ಬರೂ ಕೇಳಿರಲಿಲ್ಲ. ಜ್ಞಾನದ ಪ್ರಾಮಾಣ್ಯವು ಸ್ವತಃ ಎಂದು ಮೀಮಾಂಸಕರೂ, ಪರತಃ ಎಂದು ನೈಯಾಯಿಕರೂ ವಾದಿಸುವುದನ್ನು ಪಾಠಶಾಲೆಯಲ್ಲಿ ಓದಿದವರು ಬಲ್ಲರು. ದೂರದಲ್ಲಿ ನೀರೆಂದು ಕಂಡುದು ನೀರೋ ಮರೀಚಿಕೆಯೋ ಎಂಬುದು, ಹತ್ತಿರ ಹೋಗಿ ಕುಡಿದು ಬಾಯಾರಿಕೆಯು ತೀರಿದ ಮೇಲೆ, ಎಂದರೆ ಸಫಲವಾದ ಪ್ರವೃತ್ತಿಯಿಂದ, ನಿಶ್ಚಿತವಾಗುವುದೆಂಬುದು ನೈಯಾಯಿಕರ ಮತ. ನನ್ನ ಅಧ್ಯಯನವು ಮೀಮಾಂಸೆಯಲ್ಲಿ. ಆದರೂ ಈ ವಿಷಯದಲ್ಲಿ ನೈಯಾಯಿಕರನ್ನೇ ಅನುಸರಿಸಬೇಕಾಗಿ ಬಂದಿದೆ. ಡಿಸ್ಕಿನಲ್ಲಿ ಕಡತವು ಕಾಣುವುದು, ಅದರ ಗಾತ್ರವು ಸರಿಯಾಗಿರುವುದು, ‘ಮುಗಿಯಿತು’ ಎಂಬ ಸಂದೇಶವು ಬರುವುದು, ಇವು ಯಾವುವೂ ರಕ್ಷಾಪ್ರತಿಗೆ ಪ್ರಾಮಾಣ್ಯವನ್ನು ಕೊಡಲಾರವು. ಅದರಿಂದ ಕೋಶವನ್ನು ಬೇರೊಂದು ಯಂತ್ರದಲ್ಲಿ ಮರಳಿ ಕಟ್ಟಿ, ತೆರೆದು, ಓದಿ ನೋಡಿದಾಗಲೇ ಅದು ಪ್ರತಿಯೆನಿಸಿಕೊಳ್ಳುವುದು. ಅದುವರೆಗೂ ಅದು ಪ್ರತಿಯ ಆಭಾಸ ಮಾತ್ರ.

ಇನ್ನು ಕಾಲನಿಯಮವನ್ನು ವಿಚಾರಿಸುವೆವು. ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಎಂದು ಮೊದಲೇ ಗೊತ್ತುಮಾಡುವುದು ಸರಿಯಲ್ಲ. ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹೇಳಿಕೊಂಡರೆ ನಿಯಮವು ತಾನಾಗಿಯೇ ಏರ್ಪಡುವುದು. ಎಷ್ಟು ಹೊತ್ತಿನ ಕೆಲಸವು ಹೋದರೆ ನಾವು ಸಹಿಸಬಲ್ಲೆವು ಎಂಬುದು ಮೊದಲನೆಯದು. ಕೆಟ್ಟ ಮೇಲೆ ಎಷ್ಟು ಹೊತ್ತಿನೊಳಗಾಗಿ ಕೋಶವು ಮತ್ತೆ ನಡೆಯಬೇಕು ಎಂಬುದು ಎರಡನೆಯದು. ಬ್ಯಾಂಕಿನವರು ಮೊದಲನೆಯದಕ್ಕೆ ಒಂದು ಕ್ಷಣವೂ ಇಲ್ಲವೆನ್ನುವರು. ನಾಲ್ವರು ಸಂಶೋಧಕರಿರುವ ಭಂಡಾರವು ಒಂದು ದಿನವೆನ್ನಬಹುದು. ಆದರೆ ಮತ್ತೆ ಓದಲಾಗದ ಜೀರ್ಣಪ್ರತಿಯನ್ನು ಓದುತ್ತಿರುವ ದಿನಗಳಲ್ಲಿ ಅದೇ ಭಂಡಾರವು ಒಂದು ಗಂಟೆಯೆನ್ನಬೇಕು. ಕೆಲಸದ ಬೆಲೆಯು ಎಲ್ಲ ದಿನಗಳಲ್ಲಿಯೂ ಒಂದೇ ಆಗಿರದು. ಎರಡನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಮರೆಯುವರು. ದೂರದ ಭಂಡಾರದಲ್ಲಿಟ್ಟ ಹಲವು ಟೆರಾಬೈಟ್ ಚಿತ್ರಗಳನ್ನು ಊರಿನ ಸಾಧಾರಣ ಅಂತರ್ಜಾಲದ ಮೂಲಕ ಮರಳಿ ತರಿಸುವುದಕ್ಕೆ ದಿನಗಳಲ್ಲ, ವಾರಗಳೇ ಬೇಕಾಗಬಹುದು. ಪ್ರತಿಯು ಇರುವುದು ಬೇರೆ, ಕೈಗೆ ಸಿಕ್ಕುವುದು ಬೇರೆ.

ಎಷ್ಟು ಹಿಂದಿನ ಪ್ರತಿಗಳನ್ನು ಇಟ್ಟುಕೊಂಡಿರಬೇಕೆಂಬುದೂ ಇಲ್ಲಿಯೇ ಸೇರಿದ ವಿಚಾರ. ಪ್ರತಿರಾತ್ರಿಯೂ ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಬರೆಯುತ್ತಿದ್ದರೆ, ಮೂರು ವಾರಗಳ ಹಿಂದೆ ಯಾರೋ ತಪ್ಪಾಗಿ ಅಳಿಸಿದ ನೂರು ದಾಖಲೆಗಳು ಈ ದಿನ ಗಮನಕ್ಕೆ ಬಂದರೆ ಅವುಗಳನ್ನು ಎಲ್ಲಿಂದ ತರುವುದು? ಪ್ರತಿಯಲ್ಲಿಯೂ ಅವು ಇಲ್ಲ. ಆದುದರಿಂದ ದಿನದ ಪ್ರತಿಗಳು ೭, ವಾರದವು ೪, ತಿಂಗಳಿನವು ೧೨, ಹೀಗೆ ಒಟ್ಟು ೨೩ ಪ್ರತಿಗಳನ್ನು ಇಟ್ಟುಕೊಂಡು, ಉಳಿದವನ್ನು ಬಿಡುತ್ತ ಬರುವುದು ಒಂದು ಪ್ರಸಿದ್ಧ ಪದ್ಧತಿ. ೪೦ ಗಿಗಾಬೈಟಿನ ಕೋಶಕ್ಕೆ ೨೩ ಪೂರ್ಣಪ್ರತಿಗಳೆಂದರೆ ೯೨೦ ಗಿಗಾಬೈಟ್. ಸಂಕೋಚಿಸಿ ಇಟ್ಟರೆ ಇನ್ನೂ ಕಡಮೆ. ಈಗಿನ ಡಿಸ್ಕುಗಳಿಗೆ ಇದು ದೊಡ್ಡ ಹೊರೆಯಲ್ಲ. ಯಂತ್ರಜ್ಞರು ಈ ಪದ್ಧತಿಗೆ ಅಜ್ಜ, ತಂದೆ, ಮಗ ಎಂಬ ಹೆಸರಿಟ್ಟಿರುವರು. ಶ್ರಾದ್ಧದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹರೆಂದು ಮೂರು ತಲೆಗಳಿಗೆ ಪಿಂಡವನ್ನಿಡುವ ನಮಗೆ ಈ ಹೆಸರು ಹೊಸದೆನಿಸದು.

ಪ್ರತಿಮಾಡುವ ವೇಳೆಯ ವಿಷಯದಲ್ಲಿ ಒಂದೇ ಮಾತು. ಅದನ್ನು ಯಂತ್ರಕ್ಕೆ ಒಪ್ಪಿಸಬೇಕು. ಗುಮಾಸ್ತನ ನೆನಪಿಗೆ ಒಪ್ಪಿಸಬಾರದು. ಆದರೆ ಯಂತ್ರವು ಮಾಡಿತೋ ಇಲ್ಲವೋ ಎಂಬುದನ್ನು ಮನುಷ್ಯನು ನೋಡಬೇಕು. ಕೆಟ್ಟಾಗ ಮಾತ್ರ ತಿಳಿಸುವ ವ್ಯವಸ್ಥೆಯು ಸಾಲದೆಂಬುದಕ್ಕೆ ಮೇಲ್ಕಂಡ ದೃಷ್ಟಾಂತವೇ ಸಾಕ್ಷಿ. ಪ್ರತಿದಿನವೂ ‘ಆಯಿತು’ ಎಂಬ ವರ್ತಮಾನವು ಬರುವಂತೆ ಮಾಡಿ, ಅದು ಬಾರದ ದಿನ ವಿಚಾರಿಸುವುದು ಮೇಲು. ದಿನವೂ ಬರುವ ನೆರೆಯವನು ಒಂದು ದಿನ ಬಾರದಿದ್ದರೆ ನಾವು ಕೇಳಿಕೊಂಡು ಹೋಗುವಂತೆ.

ಸ್ಥಾನವಿಚಾರವು ಇದಕ್ಕಿಂತ ದೊಡ್ಡದು. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿಯು ಬೇರೆ ಊರಿನಲ್ಲಿ ಎಂಬ ಸೂತ್ರವನ್ನು ಪೀಟರ್ ಕ್ರೋಗ್ ಎಂಬ ಛಾಯಾಚಿತ್ರಕಾರನು ಪ್ರಚಾರಕ್ಕೆ ತಂದನು. ಸೂತ್ರವು ಚಿಕ್ಕದಾದರೂ ಅದರ ಕೊನೆಯ ಪಾದವೇ ಪ್ರಾಣ. ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓ.ವಿ.ಎಚ್. ಸಂಸ್ಥೆಯ ಸರ್ವರುಗಳಿದ್ದ ಒಂದು ಕಟ್ಟಡವು ೨೦೨೧ನೆಯ ಮಾರ್ಚ್ ೧೦ರಂದು ಬೆಂಕಿಗೆ ಆಹುತಿಯಾಯಿತು. ಗ್ರಾಹಕರಲ್ಲಿ ಕೆಲವರ ರಕ್ಷಾಪ್ರತಿಗಳೂ ಅದೇ ಸ್ಥಳದಲ್ಲಿಯೇ ಇದ್ದವಾಗಿ, ಮೂಲವೂ ಪ್ರತಿಯೂ ಒಂದೇ ರಾತ್ರಿಯಲ್ಲಿ ಹೋದವು. ‘ಕ್ಲೌಡ್’ ಎಂಬ ಮಾತನ್ನು ಕೇಳಿದವರು ಅದು ಎಲ್ಲಿಯೂ ಇಲ್ಲದೆ ಎಲ್ಲೆಲ್ಲಿಯೂ ಇರುವುದೆಂದು ಭಾವಿಸುವರು. ಆ ಮೋಡವೂ ಒಂದು ಊರಿನ ಒಂದು ಕಟ್ಟಡದ ಒಂದು ಮಹಡಿಯಲ್ಲಿರುವುದೆಂದು ತಿಳಿಯತಕ್ಕದ್ದು. ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿರುವ ಸರ್ಕಾರೀ ದತ್ತಾಂಶಕೇಂದ್ರದಲ್ಲಿ ೨೦೨೫ನೆಯ ಸೆಪ್ಟೆಂಬರ್ ೨೬ರಂದು ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಬಿದ್ದು, ಸರ್ಕಾರದ ನೌಕರರು ತಮ್ಮ ಕಡತಗಳನ್ನು ಇಟ್ಟುಕೊಂಡಿದ್ದ ೮೫೮ ಟೆರಾಬೈಟ್ ಗಾತ್ರದ ಸಂಗ್ರಹವು ಸುಟ್ಟಿತು. ಅದು ಅತಿ ದೊಡ್ಡದೆಂಬ ಕಾರಣದಿಂದ ಅದಕ್ಕೆ ಹೊರಗೆ ಎಲ್ಲಿಯೂ ರಕ್ಷಾಪ್ರತಿಯನ್ನು ಮಾಡಿರಲಿಲ್ಲ. ದೊಡ್ಡದಾದುದರಿಂದಲೇ ಪ್ರತಿಯಿಲ್ಲವೆಂಬ ಈ ಹೇತುವನ್ನು ಕೇಳಿದರೆ ತಾರ್ಕಿಕರು ನಗುವರು.

ನಮ್ಮ ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಸ್ಥಾನಭೇದದ ಬೆಲೆಯನ್ನು ಹೇಳಬೇಕಾದುದಿಲ್ಲ. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆಯು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯನ್ನು ಎಲ್ಲರೂ ಕೊಂಡಾಡುವರು. ಅಲ್ಲಿ ಸಾವಿರವೆಂಬ ಸಂಖ್ಯೆಗಿಂತ ಹಂಚಿದಳೆಂಬ ಕ್ರಿಯೆಯೇ ನನಗೆ ಹೆಚ್ಚಾಗಿ ತೋರುವುದು. ಸಾವಿರವನ್ನೂ ಒಂದೇ ಬಸದಿಯಲ್ಲಿಟ್ಟಿದ್ದರೆ ಒಂದು ಕಿಡಿಯು ಸಾಕಾಗಿದ್ದಿತು. ಅದೇ ಪೊನ್ನನ ಭುವನೈಕರಾಮಾಭ್ಯುದಯವೂ, ಒಂದನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ, ರನ್ನನ ಪರಶುರಾಮಚರಿತವೂ ನಮಗೆ ದೊರೆತಿಲ್ಲ. ಷಟ್ಖಂಡಾಗಮದ ಧವಲಾಟೀಕೆಯ ಗತಿಯೂ ಹೀಗೆಯೇ ಆಗಬೇಕಾಗಿದ್ದಿತು. ಹಳಗನ್ನಡ ಲಿಪಿಯಲ್ಲಿದ್ದ ಅದರ ಓಲೆಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯೊಂದರಲ್ಲಿಯೇ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳನ್ನು ಪ್ರತಿಮಾಡುವ ಕೆಲಸವು ಆರಂಭವಾಗಿ, ೧೯೩೯ರಲ್ಲಿ ಹೀರಾಲಾಲ್ ಜೈನರು ಮೊದಲನೆಯ ಸಂಪುಟವನ್ನು ಅಚ್ಚುಹಾಕಿಸಿದರು. ಅಷ್ಟು ಕಾಲದಲ್ಲಿ ಆ ಒಂದು ಊರಿಗೆ ಒಂದು ಅನಾಹುತವು ಬಾರದಿದ್ದುದು ನಮ್ಮ ಪುಣ್ಯವೆನ್ನಬೇಕೇ ಹೊರತು ವ್ಯವಸ್ಥೆಯೆನ್ನಲಾಗದು.

ಬೇರೆ ಊರಿನಲ್ಲಿಟ್ಟರೂ ತೀರದ ಒಂದು ಭಯವು ಈಚೆಗೆ ಹುಟ್ಟಿದೆ. ಕಳ್ಳರು ದೂರದಿಂದಲೇ ಯಂತ್ರಗಳನ್ನು ಹೊಕ್ಕು, ಕಡತಗಳನ್ನೆಲ್ಲ ಗೂಢಾಕ್ಷರಕ್ಕೆ ತಿರುಗಿಸಿ, ಬೀಗದ ಕೈಗೆ ಹಣವನ್ನು ಕೇಳುವರು. ಅವರು ಮೊದಲು ಹುಡುಕುವುದು ರಕ್ಷಾಪ್ರತಿಗಳನ್ನೇ. ಜಾಲಕ್ಕೆ ಸೇರಿದ ಪ್ರತಿಯು, ಎಷ್ಟು ದೂರದಲ್ಲಿದ್ದರೂ, ಕಳ್ಳನಿಗೆ ಪಕ್ಕದ ಕೋಣೆಯೇ. ಆದುದರಿಂದ ಒಂದು ಪ್ರತಿಯಾದರೂ ಯಾವ ತಂತಿಗೂ ಸೇರದೆ ಕಪಾಟಿನಲ್ಲಿರಬೇಕು. ಅಥವಾ ಗೊತ್ತಾದ ಅವಧಿಯವರೆಗೆ ಒಡೆಯನೂ ಅಳಿಸಲಾಗದಂತೆ ಮುದ್ರೆಯೊತ್ತಿದ ದೂರಭಂಡಾರದಲ್ಲಿರಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮೇಲೆ ೨೦೨೩ನೆಯ ಅಕ್ಟೋಬರಿನಲ್ಲಿ ಇಂತಹ ದಾಳಿಯಾಯಿತು. ಅದರ ಗ್ರಂಥಸೂಚಿಯು ೨೦೨೪ನೆಯ ಜನವರಿಯವರೆಗೂ ಓದುಗರಿಗೆ ಕಾಣಲಿಲ್ಲ. ಬಳಿಕ ಅವರು ಪ್ರಕಟಿಸಿದ ವರದಿಯಲ್ಲಿ ವಿಚಾರಣೀಯವಾದ ಒಂದು ಅಂಶವಿರುವುದು: ಅವರ ಸಂಗ್ರಹಗಳ ರಕ್ಷಾಪ್ರತಿಗಳು ಸುರಕ್ಷಿತವಾಗಿಯೇ ಇದ್ದವು, ಅವುಗಳನ್ನು ಮರಳಿ ಇಳಿಸುವುದಕ್ಕೆ ಯೋಗ್ಯವಾದ ಯಂತ್ರವ್ಯವಸ್ಥೆಯು ಉಳಿದಿರಲಿಲ್ಲ. ಧಾನ್ಯವಿದ್ದು ಒಲೆಯಿಲ್ಲದ ಮನೆಯಂತಾಯಿತು.

ಪ್ರತಿಮಾಡುವ ಉಪಕರಣವೇ ಕೆಡಿಸಿದ ಉದಾಹರಣೆಯೂ ಉಂಟು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ೨೦೨೧ನೆಯ ಡಿಸೆಂಬರಿನಲ್ಲಿ, ರಕ್ಷಾಪ್ರತಿಯ ಕಾರ್ಯಕ್ರಮವು ನಡೆಯುತ್ತಿರುವಾಗಲೇ ಅದರ ಬರಹವನ್ನು ಬದಲಾಯಿಸಿದುದರಿಂದ, ಹಳೆಯ ದಿನಚರಿಗಳನ್ನು ಮಾತ್ರ ತೆಗೆಯಬೇಕಾಗಿದ್ದ ಆಜ್ಞೆಯು ಸಂಶೋಧಕರ ಸುಮಾರು ೭೭ ಟೆರಾಬೈಟ್ ಕಡತಗಳನ್ನು ಅಳಿಸಿತು. ೧೪ ಸಂಶ್ರೋಧಕವರ್ಗಗಳಲ್ಲಿ ೪ಕ್ಕೆ ಸೇರಿದ ಕಡತಗಳು ಮರಳಿ ಬರಲಿಲ್ಲ. ಇದರಿಂದ ನಾನು ತಿಳಿದುಕೊಂಡುದು ಇಷ್ಟೆ: ಮೂಲವನ್ನು ಓದುವ ಅಧಿಕಾರವು ಪ್ರತಿಮಾಡುವ ಉಪಕರಣಕ್ಕೆ ಸಾಕು, ಅಳಿಸುವ ಅಧಿಕಾರವನ್ನು ಅದಕ್ಕೆ ಕೊಡಬಾರದು. ಲಿಪಿಕಾರನ ಕೈಗೆ ಕಂಠವನ್ನು ಕೊಟ್ಟೆವೆಂದು ಕತ್ತರಿಯನ್ನೂ ಕೊಡಬೇಕೆ?

ಕೀಲಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಹೊರಗಿಡುವ ಪ್ರತಿಯನ್ನು ಗೂಢಾಕ್ಷರದಲ್ಲಿಡುವುದು ಯುಕ್ತವೇ. ಆದರೆ ಅದರ ಕೀಲಿಯನ್ನು ಅದೇ ಸರ್ವರಿನಲ್ಲಿ ಮಾತ್ರ ಇಟ್ಟಿದ್ದರೆ, ಸರ್ವರು ಕೆಟ್ಟ ದಿನವೇ ಪ್ರತಿಯೂ ಸತ್ತಂತೆ. ಕೀಲಿಯನ್ನು ಕಾಗದದ ಮೇಲೆ ಬರೆದು, ಮೊಹರುಮಾಡಿ, ಇಬ್ಬರು ಅಧಿಕಾರಿಗಳ ವಶದಲ್ಲಿಡಬೇಕು. ಕಾಗದವು ಈ ಒಂದು ಕೆಲಸಕ್ಕಾದರೂ ಇನ್ನೂ ಬೇಕಾಗಿದೆ.

ಈಗ ನಾನು ಹೋಗಿಬರುತ್ತಿರುವ ಭಂಡಾರದಲ್ಲಿ ಈ ಕ್ರಮಗಳನ್ನು ಸಾಧ್ಯವಾದಮಟ್ಟಿಗೆ ಏರ್ಪಡಿಸಿರುವೆವು. ಎಲ್ಲವೂ ಸಿದ್ಧವಾಯಿತೆಂದು ನಾನು ತೃಪ್ತನಾಗಿದ್ದಾಗ, ಯಂತ್ರದ ಕೆಲಸವನ್ನು ನೋಡುವ ತರುಣನು, “ಶಾಸ್ತ್ರಿಗಳೇ, ಕಡತವೇನೋ ಇದೆ, ಗಾತ್ರವೂ ಸರಿಯಾಗಿದೆ, ಆದರೆ ಬಿಚ್ಚಿ ನೋಡಿದವರು ಯಾರು?” ಎಂದು ಕೇಳಿದನು. ಪ್ರಾಮಾಣ್ಯವಾದವನ್ನು ಅವನಿಗೆ ಉಪದೇಶಿಸಿದವನು ನಾನೇ. ಪ್ರಶ್ನೆಯನ್ನು ಕೇಳಿದವನು ಅವನು. ಹಳೆಯ ಯಂತ್ರವೊಂದನ್ನು ತಂದು, ಅದರಲ್ಲಿ ಏನೂ ಇಲ್ಲದಂತೆ ಮಾಡಿ, ರಕ್ಷಾಪ್ರತಿಯಿಂದ ಕೋಶವನ್ನು ಕಟ್ಟಲಾರಂಭಿಸಿದೆವು. ಮೊದಲನೆಯ ಸಲ ಕೋಶತಂತ್ರದ ಆವೃತ್ತಿಯು ಹೊಂದಲಿಲ್ಲ. ಎರಡನೆಯ ಸಲ ಕೋಷ್ಠಕಗಳೆಲ್ಲ ಬಂದವು, ದಾಖಲೆಗಳ ಸಂಖ್ಯೆಯೂ ಸರಿಹೋಯಿತು. ಆದರೆ ಓಲೆಯ ಚಿತ್ರವನ್ನು ತೆರೆದರೆ ಬರಿಯ ಚೌಕ. ವಿಚಾರಿಸಲಾಗಿ, ಚಿತ್ರಗಳು ಕೋಶದೊಳಗೆ ಇರಲೇ ಇಲ್ಲ; ಕೋಶದಲ್ಲಿದ್ದುದು ಅವುಗಳ ವಿಳಾಸ ಮಾತ್ರ. ಚಿತ್ರಗಳು ಸರ್ವರಿನ ಬೇರೊಂದು ಭಾಗದಲ್ಲಿದ್ದವು. ಆ ಭಾಗವನ್ನು ಯಾರೂ ಪ್ರತಿಮಾಡುತ್ತಿರಲಿಲ್ಲ. ಒಂದು ವರ್ಷದಿಂದ ಪ್ರತಿದಿನವೂ ‘ಆಯಿತು’ ಎಂಬ ವರ್ತಮಾನವು ಬರುತ್ತಲೇ ಇದ್ದಿತು. ಆ ವರ್ತಮಾನದಲ್ಲಿ ಸುಳ್ಳೂ ಇರಲಿಲ್ಲ.

ಚಿತ್ರಗಳನ್ನೂ ಸೇರಿಸಿ, ಪ್ರತಿಯೊಂದು ಕಡತಕ್ಕೂ ಒಂದು ಗಣಿತಮುದ್ರೆಯನ್ನು ಬರೆದಿಟ್ಟು, ಮೂರನೆಯ ಸಲ ಕಟ್ಟಿದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ನಿಂತಿತು. ಗಣಿತಮುದ್ರೆಯೆಂದರೆ ಕಡತದ ಅಕ್ಷರಗಳನ್ನೆಲ್ಲ ಒಂದು ಗೊತ್ತಾದ ರೀತಿಯಲ್ಲಿ ಲೆಕ್ಕಮಾಡಿ ಪಡೆದ ಸಂಖ್ಯೆ. ಒಂದಕ್ಷರವು ವ್ಯತ್ಯಾಸವಾದರೂ ಸಂಖ್ಯೆಯು ಬೇರೆಯಾಗುವುದು. ವೇದಾಧ್ಯಾಯಿಗಳು ಪದಗಳನ್ನು ಹಿಂದುಮುಂದಾಗಿ ಹೆಣೆದು ಘನವನ್ನು ಹೇಳುವುದರಿಂದ ತಪ್ಪು ತಾನಾಗಿಯೇ ಹೊರಬೀಳುವಂತೆ ಇಲ್ಲಿಯೂ ತಪ್ಪು ಅಡಗಿರಲಾರದು. ಕಟ್ಟಿದ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ಕಾಗದದಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಭಾಗಕ್ಕೆ ಅಂಟಿಸಿರುವೆವು. ಮುಂದಿನ ಪರೀಕ್ಷೆಯನ್ನು ಮೂರು ತಿಂಗಳ ಬಳಿಕ, ಆ ತರುಣನು ರಜದ ಮೇಲಿರುವ ದಿನವನ್ನೇ ನೋಡಿ, ಆ ಕಾಗದವನ್ನು ಮಾತ್ರ ಆಧಾರವಾಗಿಟ್ಟುಕೊಂಡು ಬೇರೊಬ್ಬರ ಕೈಯಿಂದ ಮಾಡಿಸುವುದೆಂದು ಗೊತ್ತಾಗಿದೆ.